ಮೂಲೆ ಗಿಡ ಯಾವ ಮಾವ?

ಬೀಜಶಾಲೆ ಹಾಸ್ಟೆಲ್, ಎರಡನೆಯ ಗಣಿ
ಶಹಾಬಾದ್
ಫೆಬ್ರವರಿ 30, 2187

ಡಾ. ರೇಣುಕಾ ಮೇಳಕುಂದಿ ಮೇಡಂ ಅವರಿಗೆ,

ಮೊದಲಿಗೆ ಸಾರಿ. ನಿಮಗೆ ನನ್ನ ಪರಿಚಯವಿಲ್ಲ. ಪರಿಚಯವಿಲ್ಲದವರಿಗೆ, ಅದೂ ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಪತ್ರ ಬರೆದು ಕೆಲಸ ಹೇಳುವುದು ಸರಿಯಲ್ಲ. ನೀವು ತೀರಿಕೊಂಡಿದ್ದೀರಿ ಎಂದು ನಿಮಗೇ ಬರೆದದ್ದಕ್ಕೂ ಸಾರಿ. ಬೇರೆ ದಾರಿ ಇದ್ದಿದ್ದರೆ ಖಂಡಿತ ಬರೆಯುತ್ತಿರಲಿಲ್ಲ.

ಮೇಲಿನ ತಾರೀಖು ನೋಡಿ ಇದು ಯಾರದೋ ಕಿಡಿಗೇಡಿತನ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬರುತ್ತವೆ. ಅವಕ್ಕೆ ಉಳಿಕೆ ಎನ್ನುತ್ತಾರೆ, ಆಗ ಹಾಸ್ಟೆಲ್‌ಗೆ ರಜೆ. ನನ್ನ ಕನ್ನಡವೂ ನಿಮಗೆ ಒಂಥರಾ ಅನ್ನಿಸಬಹುದು. ನಾನು ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲೇ ಓದಿದವಳು. ನಮ್ಮ ಮಾತು ಅರ್ಧ ಇಂಗ್ಲಿಷ್, ಪಾಠ ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿ. ಆದ್ದರಿಂದ ಬರೆಯಲು ಬರುತ್ತದೆ, ಮಾತಾಡಲು ಕಷ್ಟ. ಮನೆಮಂದಿ ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ ಎಂಬುದಂತೂ ನಮಗೆ ಯಾರೂ ಕಲಿಸಲಿಲ್ಲ. ದೊಡ್ಡವರೆಲ್ಲ ಅಂಕಲ್, ಇಲ್ಲವೇ ಆಂಟಿ. ಈ ಪತ್ರ ಬರೆಯಬೇಕಾಗಿ ಬಂದದ್ದು ಅದರಿಂದಲೇ.

ಹಿಂದಕ್ಕೆ ಹೋಗುವ ಅಂಚೆಗೆ ಇಲ್ಲಿ ಹಿಂದಂಚೆ ಎಂದು ಹೆಸರು. ಅದು ಹೇಗೆ ಹೋಗುತ್ತದೆ ಎಂಬುದು ಮೂರನೆಯ ವರ್ಷದ ಸಿಲಬಸ್, ನನಗೆ ಗೊತ್ತಿಲ್ಲ. ಒಬ್ಬರಿಗೆ ಒಂದೇ ಪತ್ರ. ನನ್ನ ಹಳೆಯ ರೂಮ್‌ಮೇಟ್, ಸೀನಿಯರ್ ಸುಮೇರಾ ತನ್ನ ಪಾಲಿನದನ್ನು ಉಪ್ಪಿನಕಾಯಿಗೆ ಖರ್ಚು ಮಾಡಿದಳು. ಅವಳ ಮುತ್ತಜ್ಜಿಯ ಅಜ್ಜಿ ಮಾಡುತ್ತಿದ್ದ ನಿಂಬೆಕಾಯಿ ಉಪ್ಪಿನಕಾಯಿಗೆ ಏನೇನು ಹಾಕುತ್ತಿದ್ದರು ಎಂದು ಕೇಳಿ ಬರೆದಿದ್ದಳು. ಉತ್ತರ ಬಂತು, ಒಂದು ಹಳೆಯ ದನಿಚೀಟಿಯಲ್ಲಿ. ದನಿಚೀಟಿ ಎಂದರೆ ನೀವು ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದ ವಾಯ್ಸ್ ಮೆಸೇಜು. ಅಜ್ಜಿ ಅದರಲ್ಲಿ ಹೇಳಿದ್ದು ಇಷ್ಟೇ: "ಉಪ್ಪಿನಕಾಯಿ ಆಮ್ಯಾಲ ಹೇಳ್ತೀನಿ. ನಿನಗ ಲಗ್ನ ಆಗ್ಯಾದೋ ಇಲ್ಲೋ, ಅದು ಹೇಳು ಮೊದಲ." ಸುಮೇರಾಗೆ ಎರಡನೆಯ ಪತ್ರ ಸಿಗಲಿಲ್ಲ. ನಾನು ಹಾಗಾಗದಂತೆ ನೋಡಿಕೊಳ್ಳಬೇಕು. ಅದಕ್ಕೇ ಎಲ್ಲವನ್ನೂ ಕ್ರಮವಾಗಿ, ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಬೀಜಶಾಲೆ ಇರುವುದು ನಿಮ್ಮ ಕಾಲದವರು ಫರಸಿ ಕಲ್ಲು ತೆಗೆದು ಬಿಟ್ಟುಹೋದ ಗಣಿಗಳಲ್ಲಿ. ಮೇಲೆ ಬಿಸಿಲು ಹೆಚ್ಚು. ಬೆಳಗಿನ ಗಂಟೆ ಮುಗಿದ ಮೇಲೆ ಸಂಜೆಯವರೆಗೂ ಯಾರೂ ಹೊರಗೆ ಕಾಲಿಡುವುದಿಲ್ಲ. ಆ ಹೊತ್ತಿಗೆ ಕೆಂಡಗಂಟೆ ಎನ್ನುತ್ತೇವೆ. ಕೆಳಗೆ ಕಲ್ಲಿನ ನಡುವೆ ತಂಪಿರುತ್ತದೆ. ತರಗತಿಗಳು ಮೊದಲ ಗಣಿಯಲ್ಲಿ, ಹಾಸ್ಟೆಲ್ ಎರಡನೆಯದರಲ್ಲಿ. ಮೂರನೆಯದರಲ್ಲಿ ಹಾಸುಗಳಿವೆ. ಹಾಸು ಎಂದರೆ ಮಂಚದಷ್ಟು ದೊಡ್ಡ ಮಣ್ಣಿನ ತೊಟ್ಟಿ, ಮೇಲೊಂದು ದೀಪ. ಬೇಸಾಯದ ವಸ್ತಿಗಳಿಗೆ ಹಂಚುವ ಬೀಜ ಮೊದಲು ಅಲ್ಲಿ ಬೆಳೆದು ಹೆಚ್ಚಬೇಕು. ಹಾಸುಗಳು ಕಡಿಮೆ, ಕಾಯುತ್ತಿರುವ ಬೆಳೆಗಳು ಹೆಚ್ಚು. ಆದ್ದರಿಂದ ಒಂದು ಬೆಳೆಯ ಒಂದು ಸಾಲಿಗೆ ಮಾತ್ರ ಜಾಗ ಸಿಗುತ್ತದೆ. ಸಾಲು ಎಂದರೆ ಒಂದೇ ಮನೆತನದ ಬೀಜ. ಆಯ್ಕೆಯಾಗದ ಸಾಲನ್ನು ಯಾರೂ ಎಸೆಯುವುದಿಲ್ಲ, ಅದು ಬುಧವಾರ ಮೆಸ್ಸಿಗೆ ಹೋಗುತ್ತದೆ. ಇಂಥ ಬುಧವಾರಗಳಲ್ಲಿ ನಮಗೆ ಬೇಳೆಯ ಸಾರು ಸಿಗುತ್ತದೆ. ಎಲ್ಲರೂ ಖುಷಿಯಿಂದ ಉಣ್ಣುತ್ತಾರೆ. ನಾನೂ ಉಂಡಿದ್ದೇನೆ.

ನನಗೆ ಈ ವರ್ಷ ಒಪ್ಪಿಸಿದ ಬೆಳೆ ತೊಗರಿ, ಒಪ್ಪಿಸಿದ ಪ್ರಶ್ನೆ ನೆಟೆ ರೋಗ. ಆ ರೋಗ ನಿಮಗೆ ಗೊತ್ತು. ಗಿಡ ಹೂವು ಹೊತ್ತು ನಿಂತಿರುತ್ತದೆ, ಒಂದು ವಾರ ಬಿಟ್ಟು ನೋಡಿದರೆ ನಿಂತಲ್ಲೇ ಒಣಗಿರುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ನಿಮ್ಮ ಕಾಲದಲ್ಲಿ ಅದಕ್ಕೆ ಬಗ್ಗದ ತಳಿಗಳು ಒಂದಷ್ಟು ಇದ್ದವಂತೆ. ರೋಗವೂ ಬದಲಾಗುತ್ತಾ ಬಂತು. ಈಗ ಉಳಿದಿರುವುದು ಎರಡೇ ಸಾಲು. ಎರಡೂ ನೀವು ಮಾಡಿದ ಒಂದೇ ಸಂಕರದಿಂದ ಇಳಿದು ಬಂದವು. ಒಂದಕ್ಕೆ ಹಿರೇ ಸಾಲು, ಇನ್ನೊಂದಕ್ಕೆ ಕಿರೇ ಸಾಲು ಎಂದು ಹೆಸರಿಟ್ಟಿದ್ದೇವೆ.

ಈಗ ವಂಶಾವಳಿಯ ವಿಷಯ. ತೊಗರಿಗೆ ಹನ್ನೊಂದು ಜೊತೆ ಕ್ರೋಮೋಸೋಮ್ ಎಂದು ನಿಮಗೆ ನಾನು ಹೇಳುವುದು ಅಧಿಕಪ್ರಸಂಗ. ಆದರೂ ನನ್ನ ಲೆಕ್ಕ ಎಲ್ಲಿ ತಪ್ಪಿದೆ ಎಂದು ನಿಮಗೆ ತಿಳಿಯಲಿ ಎಂದು ಬರೆಯುತ್ತೇನೆ. ನಾವು ಅವನ್ನು ಎಳೆ ಎನ್ನುತ್ತೇವೆ. ಪ್ರತಿ ಜೊತೆಯಲ್ಲಿ ಒಂದು ಎಳೆ ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಕೊಡುವ ಮುನ್ನ ಅವು ತಮ್ಮ ಜೊತೆಯ ಎಳೆಗಳನ್ನು ಅಲ್ಲಲ್ಲಿ ತುಂಡರಿಸಿ ಅದಲು ಬದಲು ಮಾಡಿರುತ್ತವೆ. ಆದ್ದರಿಂದ ಯಾರ ಮಗಳು ಯಾರು ಎಂದು ಗೊತ್ತಿದ್ದರೆ, ಮೊಮ್ಮಗಳಲ್ಲಿರುವ ಒಂದು ತುಂಡನ್ನು ಹಿಡಿದುಕೊಂಡು ಅದು ಬಂದ ಅಜ್ಜಿಯ ಮನೆಯವರೆಗೂ ನಡೆದುಹೋಗಬಹುದು. ರೋಗದಲ್ಲಿ ಬದುಕಿದ ಮಕ್ಕಳಲ್ಲೆಲ್ಲ ಇದ್ದು, ಸತ್ತವರಲ್ಲಿ ಇಲ್ಲದ ತುಂಡು ಯಾವುದೋ, ನಾವು ಹುಡುಕುವ ಜೀನ್ ಅದರೊಳಗಿದೆ. ನಮ್ಮ ಬಳಿ ಎಳೆಗಳನ್ನು ಅಕ್ಷರ ಬಿಡದೆ ಓದುವ ಯಂತ್ರವಿದೆ. ಆದರೆ ಯಂತ್ರ ತುಂಡನ್ನು ತೋರಿಸುತ್ತದೆ, ಅದು ಯಾರ ಮನೆಯದು ಎಂದು ಹೇಳುವುದಿಲ್ಲ. ಮನೆ ಹೇಳಬೇಕಾದವರು ನೀವು.

ನೀವು ಹೇಳಿದ್ದೀರಿ ಕೂಡ. ನಿಮ್ಮ ಸಂಕರದ ಮಕ್ಕಳ ಒಣ ಎಲೆಗಳು ನಮ್ಮಲ್ಲಿವೆ. ಯಾವುದು ಬದುಕಿತು, ಯಾವುದು ಸತ್ತಿತು ಎಂಬ ಗುರುತೂ ಇದೆ. ಮಕ್ಕಳು ಕೆಲವೇ ಆದ್ದರಿಂದ ಉತ್ತರ ಒಂದಕ್ಕೆ ಇಳಿಯುವುದಿಲ್ಲ. ಎರಡು ತುಂಡುಗಳು ಸರಿಸಮವಾಗಿ ನಿಲ್ಲುತ್ತವೆ. ಎರಡನೆಯ ಎಳೆಯಲ್ಲಿರುವುದು ತಾಯಿಯ ಕಡೆಯಿಂದ ಬಂದದ್ದು. ಹನ್ನೊಂದನೆಯ ಎಳೆಯಲ್ಲಿರುವುದು ತಂದೆಯ ಕಡೆಯಿಂದ ಬಂದದ್ದು. ಮೊದಲನೆಯದು ಹಿರೇ ಸಾಲಿನಲ್ಲಿದೆ, ಇನ್ನೊಂದು ಕಿರೇ ಸಾಲಿನಲ್ಲಿ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸಬೇಕಾದದ್ದು ನಿಮ್ಮ ಹೊಲದ ಮೂಲೆಯಲ್ಲಿದ್ದ ಗಿಡ. ಸುತ್ತಲಿನದೆಲ್ಲ ನೆಟೆ ಬಂದು ಹೋದರೂ ಆ ಗಿಡ ನಿಂತಿತ್ತು ಎಂದು ನೀವೇ ಬೇರೊಂದು ದನಿಚೀಟಿಯಲ್ಲಿ ಹೇಳಿದ್ದೀರಿ. ಅದರ ಎಲೆ ಉಳಿದಿಲ್ಲ. ನೀವು ಕೂಡಿಸಿದ ಹೆಣ್ಣು ಗಿಡದ್ದೂ ಗಂಡು ಗಿಡದ್ದೂ ಉಳಿದಿಲ್ಲ. ಅವುಗಳ ನಂಟು ಹೇಳಲು ಉಳಿದಿರುವುದು ಒಂದೇ ದನಿಚೀಟಿ.

ಅದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೀವು ಹೊಲದಲ್ಲಿದ್ದೀರಿ. ದೂರದಲ್ಲಿ ಬಸ್ಸಿನ ಹಾರ್ನ್. ನಿಮ್ಮ ಜೊತೆ ಭೀಮಶಾ ಎಂಬವರು ಇದ್ದಾರೆ. ನೀವು ಹೂವಿಗೆ ಪರಾಗ ಮುಟ್ಟಿಸಿದ ಮೇಲೆ ಜೇನು ಬಾರದಂತೆ ಬಟ್ಟೆಯ ಚೀಲ ಕಟ್ಟುವುದು ಅವರ ಕೆಲಸ. ಅವರು ಕೇಳುತ್ತಾರೆ: "ಇಕಿ ಯಾರ ಮನಿ ಹುಡುಗಿರೀ ಮೇಡಂ?" ನೀವು ಹೇಳುತ್ತೀರಿ: "ಮೂರನೇ ಸಾಲಿನಾಕಿ. ಅಗೋ, ಆ ಮೂಲಿ ಗಿಡ ಅದ ನೋಡು, ಅದು ಇಕಿ ಮಾವ." ಭೀಮಶಾ ಚೀಲ ಕಟ್ಟುತ್ತಾ, "ಹಂಗಾರ ಮಾವನ ಎದುರಿಗಿ ಸೆರಗು ಹೊಚ್ಚಬೇಕಲ್ರೀ, ಇಗೋ ಹೊಚ್ಚಿದೆ," ಎನ್ನುತ್ತಾರೆ. ನೀವು ನಗುತ್ತೀರಿ. "ಎತ್ತಿ ಆಡಿಸಿದಾವನ ಮುಂದ ಎಂಥಾ ಸೆರಗೋ ಮಾರಾಯ! ಬಿಗಿಯಾಗಿ ಕಟ್ಟು, ಹೋದ ಸಲ ಹಾರಿಹೋಗಿತ್ತು." ಅಲ್ಲಿಗೆ ಮುಗಿಯುತ್ತದೆ.

ದನಿಚೀಟಿಗಳನ್ನೆಲ್ಲ ಯಂತ್ರಗಳು ಬಹಳ ಹಿಂದೆಯೇ ನಡುನುಡಿಗೆ ತಿರುಗಿಸಿವೆ. ನಡುನುಡಿ ಎಂದರೆ ಎಲ್ಲ ಬೀಜಶಾಲೆಗಳ ಯಂತ್ರಗಳಿಗೂ ಅರ್ಥವಾಗುವ ಒಂದು ಸಪ್ಪೆ ಭಾಷೆ. ಅದರಲ್ಲಿ ಮಾವ ಎಂಬುದಕ್ಕೆ ಸರಿಸಮನಾದ ಪದವಿಲ್ಲ. ಯಂತ್ರ 'ಗಂಡನ ತಂದೆ' ಎಂದು ಬರೆದುಕೊಂಡಿತು. ಅಂದರೆ ಮೂಲೆ ಗಿಡದ ಮಗನೇ ಪರಾಗ ಕೊಟ್ಟ ಗಂಡು, ರೋಗ ತಡೆಯುವ ಗುಣ ತಂದೆಯ ಕಡೆಯದು, ಹನ್ನೊಂದನೆಯ ಎಳೆ, ಕಿರೇ ಸಾಲು. ಅಲ್ಲಿಂದ ಮುಂದಿನ ನಕ್ಷೆಗಳೆಲ್ಲ ಅದರ ಮೇಲೇ ನಿಂತಿವೆ. ನಾನೂ ಮೊದಲ ಟೆಸ್ಟಿನಲ್ಲಿ ಅದನ್ನೇ ಬರೆದು ಫುಲ್ ಮಾರ್ಕ್ಸ್ ತೆಗೆದುಕೊಂಡೆ.

ಕಿರೇ ಸಾಲು ಬಿತ್ತಿದವರಲ್ಲಿ ನನ್ನ ಅಕ್ಕ ಗುರುಬಾಯಿಯೂ ಒಬ್ಬಳು. ಅವಳು ಇರುವುದು ಕಾಗಿಣಾ ನದಿಯ ದಂಡೆಯ ವಸ್ತಿಯಲ್ಲಿ. ನಮ್ಮ ಕಾಲದಲ್ಲಿ ಹೊಲ ಯಾರದೂ ಅಲ್ಲ, ನೀರು ಮಾತ್ರ ಪಾಲಿನದು. ಬೆಳೆ ಕೊಯ್ಲಿಗೆ ಬಂದರೆ ವಸ್ತಿಗೆ ಮುಂದಿನ ವರ್ಷದ ನೀರ್ಪಾಲು ಸಿಗುತ್ತದೆ. ಸತತವಾಗಿ ಬೆಳೆ ಕೈಕೊಟ್ಟರೆ ನೀರ್ಪಾಲು ಬೇರೆಯವರಿಗೆ ಹೋಗುತ್ತದೆ, ವಸ್ತಿಯ ಜನರನ್ನು ಎಲ್ಲೆಲ್ಲಿ ಜಾಗವಿದೆಯೋ ಅಲ್ಲಲ್ಲಿಗೆ ಹಂಚಿಬಿಡುತ್ತಾರೆ. ಒಂದೇ ಮನೆಯವರು ಒಂದೇ ಕಡೆ ಹೋಗುತ್ತಾರೆ ಎಂಬ ಗ್ಯಾರಂಟಿ ಇಲ್ಲ. ಅಕ್ಕನ ವಸ್ತಿಯಲ್ಲಿ ಮೂರು ಕೊಯ್ಲು ನೆಟೆಗೆ ಹೋಗಿವೆ. ಈ ವರ್ಷದ್ದು ಕೊನೆಯ ಅವಕಾಶ.

ಇದರಿಂದ ಬೀಜಶಾಲೆಯ ಸಮಿತಿಯೂ ಎಚ್ಚೆತ್ತುಕೊಂಡಿದೆ. ಕಿರೇ ಸಾಲು ಸೋತಿದ್ದರಿಂದ ಇನ್ನು ಹಿರೇ ಸಾಲಿಗೆ ಹಾಸು ಕೊಡುವುದು, ಕಿರೇ ಸಾಲಿನ ಉಳಿದ ಬೀಜವನ್ನು ಮೆಸ್ಸಿಗೆ ಕಳಿಸುವುದು ಎಂದು ತೀರ್ಮಾನವಾಗಿದೆ. ತೀರ್ಮಾನ ಸರಿಯಾಗಿಯೇ ಕಾಣುತ್ತದೆ. ನನಗೂ ಕಂಡಿತ್ತು, ಅಕ್ಕನಿಗೆ ಕಾಲ್ ಮಾಡುವವರೆಗೆ.

ಅಕ್ಕ ಅವಸರದಲ್ಲಿದ್ದಳು. "ಆಮ್ಯಾಲ ಮಾಡು ನೀಲಾ, ಮಾವ ಉಣ್ಲಾಕ ಕುಂತಾನ," ಎಂದಳು. ತಲೆಯಲ್ಲಿ ಅದೇ ಪದ ತಿರುಗುತ್ತಿದ್ದದ್ದರಿಂದ ಯಾವ ಮಾವ ಎಂದು ಕೇಳಿದೆ: ಅವಳ ಗಂಡನ ಅಪ್ಪನೋ, ನಮ್ಮ ಅವ್ವನ ತಮ್ಮನೋ? ಅಕ್ಕ ಜೋರಾಗಿ ನಕ್ಕಳು. "ಎರಡೂ ಅವನೇ ಅಲ್ಲೇನ ಹುಚ್ಚಿ! ಅವ್ವನ ತಮ್ಮನ ಮಗನ್ನೇ ಅಲ್ಲ ನಾ ಮಾಡ್ಕೊಂಡಿದ್ದು? ಲಗ್ನದಾಗ ನೀ ಇದ್ದೆಲ್ಲ, ಐಸ್‌ಕ್ರೀಮ್ ತಿನ್ಕೋತ ಕುಂತಿದ್ದಿ." ಹಿಂದಿನಿಂದ ಮಾವನ ದನಿ: "ಯಾರು, ನಮ್ಮ ಹಾಸ್ಟೆಲ್ ಮೇಡಮ್ಮಾ? ಅಂಕಲ್ ರೊಟ್ಟಿ ತಿನ್ಲತ್ತಾರ ಅಂತ ಹೇಳು ಆಕಿಗಿ." ಅವರನ್ನು ನಾನು ಯಾವಾಗಲೂ ಅಂಕಲ್ ಎಂದೇ ಕರೆದಿದ್ದೆ. ಅವರು ನಮಗೆ ಏನಾಗಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹಾಗಾದರೆ ಗಂಡನ ಅಪ್ಪನಿಗೆ 'ಕುಂತಾರ' ಅನ್ನಬೇಕಲ್ಲವೇ ಎಂದು ಕೇಳಿದೆ. "ಎತ್ತಿ ಆಡಿಸಿದಾವಗ ಏನ್ ರೀ ಅನ್ಲಿ?" ಎಂದಳು ಅಕ್ಕ. ಮತ್ತೆ ಸೆರಗು? "ಮಂದಿ ಮುಂದ ಹೊಚ್ಚಗೋತೀನಿ, ಸೊಸಿ ಅಲ್ಲೇನು. ಮನ್ಯಾಗ ಯಾಕ?" ಎಂದು ಹೇಳಿ, ರೊಟ್ಟಿ ಹೊತ್ತುತ್ತಿದೆ ಎಂದು ಕಾಲ್ ಕಟ್ ಮಾಡಿದಳು.

ಮೇಡಂ, ನಿಮ್ಮ ದನಿಚೀಟಿಯಲ್ಲಿ ಇರುವುದೂ ಇವೇ ಎರಡು ಮಾತು. ಸೆರಗು ಹೊಚ್ಚಬೇಕು ಎಂದರೆ ಗಂಡನ ಅಪ್ಪ. ಎತ್ತಿ ಆಡಿಸಿದವನು ಎಂದರೆ ತಾಯಿಯ ತಮ್ಮ. ನಿಮ್ಮಿಬ್ಬರಲ್ಲಿ ಒಬ್ಬರು ತಪ್ಪು ಹೇಳಿದ್ದೀರಿ ಎಂದು ಯಂತ್ರವೂ ನಾವೂ ಅಂದುಕೊಂಡೆವು, ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ನಗೆಚಾಟಿಕೆ ಎಂದು ಬಿಟ್ಟೆವು. ಇಬ್ಬರೂ ಸರಿಯಾಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಸೋದರಿಕೆಯ ಮದುವೆ ಈಗ ಒಂದೆರಡು ವಸ್ತಿಗಳಲ್ಲಿ ಮಾತ್ರ ಉಳಿದಿದೆ. ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲು ಇದೆ, ಪರೀಕ್ಷೆಗೆ ಬರುವುದಿಲ್ಲ.

ಮೂಲೆ ಗಿಡ ಎರಡೂ ಬಗೆಯ ಮಾವನಾಗಿದ್ದರೆ ನಕ್ಷೆ ಪೂರ್ತಿ ಬದಲಾಗುತ್ತದೆ. ಆಗ ಹೆಣ್ಣಿನ ತಾಯಿಯೂ ಮೂಲೆ ಗಿಡವೂ ಅಕ್ಕತಮ್ಮಂದಿರು. ಗಂಡು ಗಿಡ ಆ ಮೂಲೆ ಗಿಡದ ಮಗ. ಒಂದೇ ಅಜ್ಜಿಯ ಒಂದೇ ತುಂಡು, ಹೆಣ್ಣಿನ ದಾರಿಯಲ್ಲೂ ಗಂಡಿನ ದಾರಿಯಲ್ಲೂ ನಡೆದುಬಂದು ಮಕ್ಕಳಲ್ಲಿ ಮತ್ತೆ ಜೋಡಿಯಾಗಬಹುದು. ನಾನು ಮಕ್ಕಳ ಎಲೆಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿದೆ. ಆರನೆಯ ಎಳೆಯಲ್ಲಿ ಒಂದು ಕಡೆ, ಬದುಕಿದ ಮಕ್ಕಳಲ್ಲೆಲ್ಲ ತಾಯಿ ಕೊಟ್ಟದ್ದೂ ತಂದೆ ಕೊಟ್ಟದ್ದೂ ಅಕ್ಷರ ವ್ಯತ್ಯಾಸವಿಲ್ಲದೆ ಒಂದೇ. ಸತ್ತವರಲ್ಲಿ ಹಾಗಿಲ್ಲ. ತಾಯಿತಂದೆ ಸಂಬಂಧವೇ ಇಲ್ಲದವರು ಎಂದು ನಂಬಿದ್ದರಿಂದ, ಅದನ್ನು ಬರೀ ಆಕಸ್ಮಿಕ ಎಂದು ಎಲ್ಲರೂ ದಾಟಿ ಹೋಗಿದ್ದರು. ಅಲ್ಲಿರುವುದು ಜೋಡಿಯಾದಾಗ ಮಾತ್ರ ಕೆಲಸ ಮಾಡುವ ಜೀನ್ ಆಗಿದ್ದರೆ, ಕಿರೇ ಸಾಲು ಯಾಕೆ ಸೋತಿತು ಎಂಬುದಕ್ಕೂ ಅರ್ಥ ಸಿಗುತ್ತದೆ. ತೊಗರಿಗೆ ಜೇನು ಬರುತ್ತದೆ, ಹೊರಗಿನ ಪರಾಗ ತರುತ್ತದೆ. ಇಷ್ಟು ತಲೆಮಾರುಗಳಲ್ಲಿ ಜೋಡಿ ಒಡೆದಿದೆ. ಈಗ ಯಂತ್ರದಲ್ಲಿ ನೋಡಿದರೆ ಕಿರೇ ಸಾಲಿನಲ್ಲಿ ಆ ತುಂಡು ಒಂಟಿ. ಹಿರೇ ಸಾಲಿನಲ್ಲೂ ಒಂಟಿ.

ಹಾಗಿದ್ದರೆ ಹಿರೇ ಸಾಲನ್ನು ಮಾತ್ರ ಬಿತ್ತುವುದೂ ಸೋಲೇ. ಹಿರೇ ಸಾಲನ್ನೇ ತನ್ನೊಳಗೆ ಕೂಡಿಸಿ ಜೋಡಿ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಹಿರೇ ಸಾಲಿನ ಬೀಜ ಬಹಳ ಹಳೆಯದು, ಮೊಳೆಯುವುದೇ ಕೆಲವು. ಅವುಗಳ ಪರಾಗದಲ್ಲಿ ಜೀವವಿಲ್ಲ, ಹೆಣ್ಣಾಗಿ ಮಾತ್ರ ಕೆಲಸಕ್ಕೆ ಬರುತ್ತವೆ. ಸಮಿತಿ ಹಾಕಿಸಲಿರುವ ಬೇರೆ ತೊಗರಿಯ ಪರಾಗದಲ್ಲಿ ಈ ತುಂಡಿಲ್ಲ. ಪರಾಗ ಕಿರೇ ಸಾಲಿನಿಂದಲೇ ಬರಬೇಕು. ಅದನ್ನು ಈ ಬುಧವಾರ ನಾವು ಸಾರು ಮಾಡಿ ಉಣ್ಣಲಿದ್ದೇವೆ. ಉಂಡ ಮೇಲೆ ಆ ಜೋಡಿಯನ್ನು ಮತ್ತೆ ಕೂಡಿಸಲು ಯಾರಿಂದಲೂ ಆಗುವುದಿಲ್ಲ.

ಇದನ್ನೆಲ್ಲ ನಮ್ಮ ಮೊಹಿಯುದ್ದೀನ್ ಸರ್ ಮುಂದೆ ಇಟ್ಟೆ. ಅವರು ದನಿಚೀಟಿಯನ್ನು ಕೇಳಿ, ನನ್ನ ಲೆಕ್ಕವನ್ನು ಸಾಲು ಸಾಲಾಗಿ ನೋಡಿದರು. "ಲೆಕ್ಕ ಕರೆಕ್ಟ್ ಅದ ಬೇಟಾ," ಎಂದರು. "ಆದ್ರ ಸಮಿತಿಯವರು ಕೇಳ್ತಾರ, ಪುರಾವೆ ಏನು ಅಂತ. ಇಬ್ಬರು ಹೊಲದಾಗ ನಕ್ಕಿದ್ದು ಡೇಟಾ ಆಗಲ್ಲ." ಮತ್ತೆ, "ಭೀಮಶಾ ಸುಮ್ಮ ಚೇಷ್ಟಿ ಮಾಡಿದ್ದರ? ಮೇಡಮ್ಮೂ ಸುಮ್ಮ ಅದಕ್ಕ ತಾಳ ಹಾಕಿದ್ದರ? ನಿನ್ನ ಮನಿ ಕಥಿ ಆ ಗಿಡದ ಮ್ಯಾಲ ಹೇರಬ್ಯಾಡ. ಹೇಳಿದಾಕಿನ್ನೇ ಕೇಳು." ಮೊದಲ ವರ್ಷದವರು ಹಿಂದಂಚೆ ಬಳಸಬಾರದು ಎಂಬ ರೂಲ್ ಇದೆ. ಸರ್ ತಮ್ಮ ಪಾಲಿನ ಪತ್ರವನ್ನು ನನಗೆ ಬಿಟ್ಟುಕೊಟ್ಟರು. ಅವರು ಅದನ್ನು ಯಾರಿಗೆ ಬರೆಯಬೇಕೆಂದು ಇಟ್ಟುಕೊಂಡಿದ್ದರೋ ನಾನು ಕೇಳಲಿಲ್ಲ.

ಸರ್ ಹೇಳಿದ್ದು ನಿಜ ಎಂದು ನನಗೂ ಅನ್ನಿಸುತ್ತದೆ. ಅಕ್ಕ ಒಂದೇ ಕಡೆ ಇರಲಿ, ಮಾವನೂ ಭಾವನೂ ಅವಳ ಜೊತೆ ಇರಲಿ ಎಂಬ ಆಸೆ ನನಗಿರುವುದರಿಂದ, ನಾನು ಆ ಗಿಡಗಳಲ್ಲಿ ಅವರನ್ನೇ ಕಾಣುತ್ತಿರಬಹುದು. ಆರನೆಯ ಎಳೆಯಲ್ಲಿ ಕಂಡದ್ದು ಬರೀ ಕಾಕತಾಳೀಯ ಇರಬಹುದು. ಹಾಗಿದ್ದರೆ ನೀವು ಹಾಗೆಂದೇ ಹೇಳಿ, ನನಗೆ ಬೇಜಾರಿಲ್ಲ. ಸಮಿತಿಗೆ ಬೇಕಾಗಿರುವುದು ನನ್ನ ನಂಬಿಕೆಯಲ್ಲ, ನಿಮ್ಮ ಬಾಯಿಂದ ಬಂದ ಒಂದು ಮಾತು. ನಿಮ್ಮ ದನಿಯನ್ನು ಇಲ್ಲಿ ಎಲ್ಲರೂ ಗುರುತಿಸುತ್ತಾರೆ.

ಉತ್ತರಕ್ಕೆ ನೀವು ಏನೂ ಬರೆಯಬೇಕಾಗಿಲ್ಲ. ನಿಮ್ಮ ಫೋನಿನಲ್ಲಿ, ಎಂದಿನಂತೆ, ಯಾರಿಗಾದರೂ ಒಂದು ಮೆಸೇಜು ಹೇಳಿ ಕಳಿಸಿ. ನಿಮ್ಮ ಹೊಲದ ದನಿಗಳೆಲ್ಲ ನಮ್ಮ ದನಿಮನೆಗೆ ಬಂದು ಸೇರಿವೆ. ಎಲ್ಲವನ್ನೂ ಕೇಳಿ ಮುಗಿಸಿಲ್ಲ. ಪ್ರತಿ ಸೋಮವಾರ ಒಂದು ಕಟ್ಟು ತೆರೆಯುತ್ತಾರೆ. ನೀವು ಹೇಳಿದ್ದು ಈ ಸೋಮವಾರದ ಕಟ್ಟಿನಲ್ಲಿದ್ದರೆ ಬುಧವಾರಕ್ಕೆ ಮುಂಚೆ ನಾನು ಅದನ್ನು ಸಮಿತಿಗೆ ಕೇಳಿಸಬಲ್ಲೆ. ಭೀಮಶಾ ಅವರೂ ಜೊತೆಗಿದ್ದರೆ ಅವರನ್ನೂ ಒಂದು ಮಾತು ಕೇಳಿ, ಅಂದು ಅವರು ಏನೆಂದುಕೊಂಡು ಹಾಗೆ ಹೇಳಿದರು ಎಂದು.

ಕೆಲಸದ ನಡುವೆ ತೊಂದರೆ ಕೊಟ್ಟದ್ದಕ್ಕೆ ಮತ್ತೊಮ್ಮೆ ಸಾರಿ. ಆ ಹೆಣ್ಣು ಗಿಡಕ್ಕೆ ಮೂಲೆ ಗಿಡ ತಾಯಿಯ ತಮ್ಮನೋ, ಗಂಡನ ಅಪ್ಪನೋ, ಎರಡೂ ಹೌದೋ, ಅಷ್ಟು ಮಾತ್ರ ದಯವಿಟ್ಟು ಬೇಗ ತಿಳಿಸಿ.

ಇತಿ,
ನೀಲಾಂಬಿಕಾ
ಮೊದಲ ವರ್ಷ